ಹೋಳುಗಳಿಂದ ಆಕಾರ: ಗ್ರಾಫಿಕ್ಸ್ ಯಂತ್ರಾಂಶವು ವಿಜ್ಞಾನಕ್ಕೆ ಒದಗಿಬಂದ ಬಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾನು ತುಸು ಹಿಂಜರಿದೆ. ಶಾಲೆಯ ಹಳೆಯ ದಿನಗಳನ್ನು ನನಗಿಂತ ಚೆನ್ನಾಗಿ ನೆನೆದು ಬರೆಯಬಲ್ಲವರು ಅನೇಕರಿದ್ದಾರೆ. ಆದ್ದರಿಂದ ನೆನಪುಗಳಿಗೆ ಬದಲಾಗಿ ಒಂದು ಪಾಠವನ್ನೇ ಬರೆದು ಒಪ್ಪಿಸುತ್ತೇನೆಂದು ಹೇಳಿದೆ, ಅವರೂ ಸಮ್ಮತಿಸಿದರು. ಆದರೆ ಆ ಪಾಠದ ಮೊದಲ ಸಾಲು ಶಾಲೆಯ ಕೋಣೆಯಲ್ಲೇ ಇರುವುದರಿಂದ ಅಲ್ಲಿಂದಲೇ ಆರಂಭಿಸಬೇಕಾಗಿದೆ.

ರಾಯದುರ್ಗದ ಸೀಮೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಕೈಗೆ ವಿಜ್ಞಾನದ ಪಠ್ಯಪುಸ್ತಕ ಬರುವಷ್ಟರಲ್ಲಿ ಅರ್ಧ ವರ್ಷ ಕಳೆದಿರುತ್ತಿದ್ದುದು ಹಳೆಯ ವಿದ್ಯಾರ್ಥಿಗಳಿಗೆಲ್ಲ ತಿಳಿದ ಸಂಗತಿ. ಅಲ್ಲಿಯವರೆಗೆ ನಮ್ಮ ವಿಜ್ಞಾನದ ಮೇಷ್ಟರಿಗೆ ಕರಿಹಲಗೆಯೇ ಪುಸ್ತಕ, ಸಂತೆಯ ತರಕಾರಿಯೇ ಪ್ರಯೋಗಾಲಯ. ಒಂದು ದಿನ ಅವರು ಹಾಗಲಕಾಯಿಯೊಂದನ್ನು ನಮಗೆ ಕಾಣದಂತೆ ಮೇಜಿನ ಮರೆಯಲ್ಲಿ ತೆಳುವಾಗಿ ಹೆಚ್ಚಿ, ಹೋಳುಗಳನ್ನು ಮಾತ್ರ ಒಂದೊಂದಾಗಿ ಎತ್ತಿ ತೋರಿಸಿದರು. ಇಡೀ ಕಾಯಿ ಹೇಗಿತ್ತು, ಎಲ್ಲಿ ಬಾಗಿತ್ತು, ಒಳಗೆ ಹುಳು ಕೊರೆದ ದಾರಿ ಎತ್ತಲಿಂದ ಎತ್ತ ಸಾಗಿತ್ತು ಎಂಬುದನ್ನು ನಾವು ಬರೆಯಬೇಕಾಗಿತ್ತು. ಕಾಯಿಯ ಉದ್ದವನ್ನು ಬಹುತೇಕ ಎಲ್ಲರೂ ಸರಿಯಾಗಿ ಬರೆದರು. ಹುಳುವಿನ ದಾರಿಯನ್ನು ಸರಿಯಾಗಿ ಬರೆದವರು ಒಬ್ಬರೋ ಇಬ್ಬರೋ, ಅವರಲ್ಲಿ ನಾನಿರಲಿಲ್ಲ. ಮುಂದೆ ನನ್ನ ಉದ್ಯೋಗಜೀವನದ ಬಹುಭಾಗವು ಆ ಪ್ರಶ್ನೆಗೆ ಗಣಕಯಂತ್ರದಿಂದ ಉತ್ತರ ಬರೆಸುವುದರಲ್ಲೇ ಕಳೆಯಿತು.

ದೇಹದ ಹೋಳುಗಳು

1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣವು ನಮಗೆ ಕೊಟ್ಟದ್ದು ನೆರಳನ್ನು. ಎದೆಯ ಮುಂದಿನ ಎಲುಬು, ಹಿಂದಿನ ಎಲುಬು, ನಡುವಣ ಹೃದಯ, ಎಲ್ಲವೂ ಒಂದೇ ಹಾಳೆಯ ಮೇಲೆ ಒಂದರ ಮೇಲೊಂದು ಬಿದ್ದ ನೆರಳುಗಳು. ಈ ನೆರಳುಗಳನ್ನು ಬಿಡಿಸಿ ದೇಹವನ್ನು ಹೋಳುಹೋಳಾಗಿ ತೋರಿಸುವ ಯಂತ್ರವನ್ನು ಇಂಗ್ಲೆಂಡಿನ ಇಎಂಐ ಸಂಸ್ಥೆಯ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರಚಿಸಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊತ್ತಮೊದಲ ರೋಗಿಯ ಮಿದುಳಿನ ಹೋಳು ಕಾಣಿಸಿತು. ಅದರಲ್ಲಿದ್ದುದು ಅಡ್ಡಕ್ಕೆ 80, ಉದ್ದಕ್ಕೆ 80 ಚೌಕಗಳು ಮಾತ್ರ. ಇದರ ಗಣಿತವನ್ನು ಸ್ವತಂತ್ರವಾಗಿ ಬಿಡಿಸಿದ್ದ ಅಲನ್ ಕಾರ್ಮ್ಯಾಕ್ ಅವರೊಡನೆ ಹೌನ್ಸ್‌ಫೀಲ್ಡ್ 1979ರ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಇಂದು ಊರೂರಿನಲ್ಲಿ 'ಸಿಟಿ ಸ್ಕ್ಯಾನ್' ಎಂಬ ಹೆಸರಿನಿಂದ ಬಳಕೆಯಲ್ಲಿರುವುದು ಇದೇ.

ಈ ಹೋಳಿನ ಒಂದೊಂದು ಚೌಕದಲ್ಲೂ ಒಂದೊಂದು ಸಂಖ್ಯೆಯಿರುತ್ತದೆ. ಆ ಜಾಗದ ವಸ್ತುವು ಕ್ಷ-ಕಿರಣವನ್ನು ಎಷ್ಟು ತಡೆಯಿತು ಎಂಬುದರ ಅಳತೆ ಅದು. ಗಾಳಿಗೆ ಋಣ 1000, ನೀರಿಗೆ 0, ಕೊಬ್ಬಿಗೆ ಸುಮಾರು ಋಣ 100, ಗಟ್ಟಿ ಮೂಳೆಗೆ 1000 ಅಥವಾ ಅದಕ್ಕೂ ಮೇಲೆ. ಹೋಳಿಗೂ ದಪ್ಪವಿರುವುದರಿಂದ ಚೌಕವೆಂಬುದು ನಿಜವಾಗಿ ಒಂದು ಪುಟ್ಟ ಇಟ್ಟಿಗೆ. ಇದನ್ನು ಈ ವಿದ್ಯೆಯವರು ವಾಕ್ಸೆಲ್ ಎನ್ನುತ್ತಾರೆ. ನಾನು ಈ ಲೇಖನದಲ್ಲಿ ಕೋಶವೆಂದು ಕರೆಯುತ್ತೇನೆ.

ಲೆಕ್ಕ ಎಲ್ಲಿ ಭಾರವಾಗುತ್ತದೆಂಬುದನ್ನು ಈಗ ನೋಡೋಣ. ಹೋಳಿಗೆ 512ರಿಂದ 512 ಚೌಕ, ಅಂಥ 512 ಹೋಳುಗಳು ಎಂದಿಟ್ಟುಕೊಂಡರೆ ಒಟ್ಟು 13,42,17,728 ಕೋಶಗಳಾದವು. ಇವನ್ನು ಇಡಿಯಾಗಿ ಒಂದು ಚಿತ್ರವಾಗಿ ಪರದೆಯ ಮೇಲೆ ಬರೆಯಬೇಕು. ಪರದೆಯ ಪ್ರತಿಯೊಂದು ಬಿಂದುವಿನಿಂದಲೂ ದತ್ತಾಂಶದೊಳಕ್ಕೆ ಒಂದು ದೃಷ್ಟಿರೇಖೆಯನ್ನು ಕಳುಹಿಸಿ, ಆ ರೇಖೆಯು 512 ಕಡೆ ನಿಂತು ಅಲ್ಲಿರುವುದೇನೆಂದು ಕೇಳಬೇಕು. ಅದು ನಿಲ್ಲುವ ಜಾಗ ಕೋಶದ ನಡುವಿಗೇ ಸರಿಯಾಗಿ ಬೀಳುವುದಿಲ್ಲವಾದ್ದರಿಂದ ಸುತ್ತಲಿನ ಎಂಟು ಕೋಶಗಳ ಸಂಖ್ಯೆಗಳನ್ನು ದೂರಕ್ಕೆ ತಕ್ಕ ಪಾಲಿನಲ್ಲಿ ಬೆರೆಸಬೇಕು. ಹೀಗೆ ಒಂದು ಚಿತ್ರಕ್ಕೆ 13 ಕೋಟಿಗೂ ಮೀರಿದ ನಿಲುಗಡೆಗಳು, 107 ಕೋಟಿ ಬಾರಿ ಸ್ಮೃತಿಯನ್ನು ಓದುವ ಕೆಲಸ. ಸೆಕೆಂಡಿಗೆ 50 ಲಕ್ಷ ನಿಲುಗಡೆಗಳನ್ನು ಮುಗಿಸುವ ಯಂತ್ರವಿದೆಯೆಂದುಕೊಂಡರೂ ಒಂದು ಚಿತ್ರಕ್ಕೆ 27 ಸೆಕೆಂಡು ಬೇಕು. ತಲೆಬುರುಡೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿದಂತೆ ತಿರುಗಿಸಿ ನೋಡಬೇಕಾದರೆ ಸೆಕೆಂಡಿಗೆ ಕನಿಷ್ಠ ಹತ್ತಿಪ್ಪತ್ತು ಚಿತ್ರಗಳು ಬರಬೇಕು.

ತಿರುಗಿಸುವುದು ಅಷ್ಟೊಂದು ಮುಖ್ಯವೇ ಎಂದು ಓದುಗರು ಕೇಳಬಹುದು. ಮುಖ್ಯವೇ. ಚಪ್ಪಟೆ ಪರದೆಯ ಮೇಲಿನ ಚಿತ್ರದಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬುದನ್ನು ಕಣ್ಣು ಬಹುಮಟ್ಟಿಗೆ ಚಲನೆಯಿಂದಲೇ ಗ್ರಹಿಸುತ್ತದೆ. ಬೇಲಿಯ ಹಿಂದೆ ಕುಳಿತ ಬೆಕ್ಕು ನಾವು ಒಂದು ಹೆಜ್ಜೆ ಸರಿದಾಗ ತಟ್ಟನೆ ಬೇಲಿಯಿಂದ ಬೇರ್ಪಟ್ಟು ಕಾಣುವುದಿಲ್ಲವೇ, ಹಾಗೆ. ಮೂರು ನಿಮಿಷಕ್ಕೊಂದರಂತೆ ಬರುವ ಚಿತ್ರಗಳಿಂದ ಈ ಲಾಭ ದೊರೆಯದು. ಎರಡನೆಯದು ಬರುವಷ್ಟರಲ್ಲಿ ಮೊದಲನೆಯದನ್ನು ಕಣ್ಣು ಮರೆತಿರುತ್ತದೆ.

ಗಡಿ ಎಳೆಯುವುದೋ, ಪದರ ಬೆರೆಸುವುದೋ

ಕೋಶಗಳ ರಾಶಿಯಿಂದ ಚಿತ್ರ ತೆಗೆಯುವ ದಾರಿಗಳು ಮುಖ್ಯವಾಗಿ ಎರಡು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಶೋಧನಾಲಯದ ಲೊರೆನ್ಸನ್ ಮತ್ತು ಕ್ಲೈನ್ 1987ರಲ್ಲಿ ಪ್ರಕಟಿಸಿದ್ದು ಮೊದಲನೆಯದು. '200ಕ್ಕಿಂತ ಮೇಲಿದ್ದರೆ ಮೂಳೆ' ಎಂಬಂಥ ಒಂದು ಗಡಿಸಂಖ್ಯೆಯನ್ನು ಮೊದಲೇ ನಿಶ್ಚಯಿಸಿ, ಆ ಗಡಿಯುದ್ದಕ್ಕೂ ಪುಟ್ಟ ಪುಟ್ಟ ತ್ರಿಕೋನಗಳ ಬಲೆಯನ್ನು ಹೊದಿಸುವುದು ಅವರ ವಿಧಾನ. ಎಂಟು ಮೂಲೆಗಳ ಒಂದು ಘನವನ್ನು ಗಡಿಯು ಹಾದುಹೋಗಬಹುದಾದ ಬಗೆಗಳು 256. ಸಮಾನವಾದವುಗಳನ್ನು ಕೂಡಿಸಿ ಅವರು ಅವನ್ನು 15ಕ್ಕೆ ಇಳಿಸಿದರು. ಬುದ್ಧಿವಂತಿಕೆಯ ಕೆಲಸವೇ ಸರಿ. ಆದರೆ ಗಡಿಯ ಮಾತು ನಮ್ಮ ಸೀಮೆಯವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಗೆರೆಯ ಆಚೆಗೂ ಅಲ್ಲ, ಈಚೆಗೂ ಅಲ್ಲವೆಂಬಂತಿರುವುದನ್ನು ಗೆರೆ ಎಳೆಯುವವನು ಒಂದೋ ಆಚೆಗೆ ತಳ್ಳುತ್ತಾನೆ, ಇಲ್ಲವೇ ಈಚೆಗೆ ಎಳೆದುಕೊಳ್ಳುತ್ತಾನೆ. ಗಡಿಸಂಖ್ಯೆಯನ್ನು ಬದಲಿಸಿದರೆ ಬಲೆಯನ್ನೆಲ್ಲ ಹೊಸದಾಗಿ ಹೆಣೆಯಬೇಕು.

ಎರಡನೆಯ ದಾರಿಯಲ್ಲಿ ಗಡಿಯೇ ಇಲ್ಲ. 1988ರಲ್ಲಿ ಮಾರ್ಕ್ ಲೆವಾಯ್ ಮೊದಲಾದವರು ಬೆಳೆಸಿದ ಈ ವಿಧಾನವನ್ನು ತೊಗಲುಗೊಂಬೆಯಾಟ ನೋಡಿದವರು ಸುಲಭವಾಗಿ ತಿಳಿಯಬಲ್ಲರು. ಬಳ್ಳಾರಿಯ ಕಡೆಯಿಂದಲೋ ಅನಂತಪುರದ ಕಡೆಯಿಂದಲೋ ಬರುತ್ತಿದ್ದ ಮೇಳಗಳ ಗೊಂಬೆಗಳು ಬೆಳಕನ್ನು ಪೂರ್ತಿ ತಡೆಯುವ ಕರಿನೆರಳುಗಳಾಗಿರಲಿಲ್ಲ. ಹದಮಾಡಿ ತೆಳುವಾಗಿಸಿದ ತೊಗಲಿನ ಮೂಲಕ ಬಣ್ಣದ ಬೆಳಕು ಹಾದುಬರುತ್ತಿತ್ತು. ಕೆಂಪು ಸೀರೆಯ ಸೀತೆಯ ಮುಂದೆ ಹಸಿರು ಮರ ಸರಿದಾಗ ಎರಡೂ ಬೆರೆತು ಮೂರನೆಯದೊಂದು ಬಣ್ಣ ತೋರುತ್ತಿತ್ತು. ಗಣಕದಲ್ಲಿಯೂ ಒಂದೊಂದು ಸಂಖ್ಯೆಗೆ ಒಂದು ಬಣ್ಣವನ್ನೂ ಒಂದು ಮಬ್ಬನ್ನೂ ನಾವು ಗೊತ್ತುಮಾಡುತ್ತೇವೆ. ಮೂಳೆಗೆ ಬಿಳಿ ಬಣ್ಣ, ಹೆಚ್ಚು ಮಬ್ಬು. ಚರ್ಮಕ್ಕೆ ಕಂದು, ಅತಿ ಕಡಿಮೆ ಮಬ್ಬು. ಗಾಳಿಗೆ ಏನೂ ಇಲ್ಲ. ದೃಷ್ಟಿರೇಖೆಯು ಪದರ ಪದರವಾಗಿ ಒಳಹೋಗುತ್ತ ಇವನ್ನು ಬೆರೆಸುತ್ತ ಸಾಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಪ್ರತಿಯೊಂದು ಪದರದ ಮಬ್ಬು ಅರ್ಧವೆಂದಿರಲಿ. ಮೊದಲ ಪದರವು ಕಣ್ಣಿಗೆ ನೂರರಲ್ಲಿ 50 ಪಾಲು ತಾನೇ ಕೊಟ್ಟು ಉಳಿದ 50ನ್ನು ಹಿಂದಿನವಕ್ಕೆ ಬಿಡುತ್ತದೆ. ಎರಡನೆಯದು 25, ಮೂರನೆಯದು 12.5. ಏಳು ಪದರ ದಾಟುವಷ್ಟರಲ್ಲಿ ಉಳಿದವೆಲ್ಲ ಸೇರಿ ಕೊಡಬಹುದಾದದ್ದು ನೂರರಲ್ಲಿ ಒಂದು ಪಾಲಿಗೂ ಕಡಿಮೆ. ಅಲ್ಲಿಗೆ ನಿಲ್ಲಿಸಿದರೆ ಕಣ್ಣಿಗೆ ನಷ್ಟವಿಲ್ಲ. ಹಾಗೆಯೇ ತಲೆಯ ಸುತ್ತಲಿನ ಬರಿಯ ಗಾಳಿಯಲ್ಲಿ ನಿಲ್ಲದೆ ಓಡಿಹೋದರೂ ನಷ್ಟವಿಲ್ಲ. ಇವೆರಡನ್ನೂ ನಾನು ಪ್ರಾಮಾಣಿಕವಾದ ವೇಗವೆನ್ನುತ್ತೇನೆ. ಅಪ್ರಾಮಾಣಿಕವಾದ ವೇಗವೂ ಒಂದಿದೆ. ಅದನ್ನು ನಾನೇ ಮಾಡಿದ್ದರಿಂದ ಹೇಳುವ ಅಧಿಕಾರ ನನಗುಂಟು.

ಮೂಳೆಯ ತೂತು, ನನ್ನ ತೂತು

1990ರ ದಶಕದ ಆರಂಭದಲ್ಲಿ ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಇಂಥ ಚಿತ್ರಗಳ ತಂತ್ರಾಂಶ ಬರೆಯುತ್ತಿದ್ದೆ. ನಮ್ಮಲ್ಲಿದ್ದ ಯಂತ್ರಕ್ಕೆ ಒಂದು ಚಿತ್ರ ಬಿಡಿಸಲು ಮೂರು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಒಮ್ಮೆ ಆಸ್ಪತ್ರೆಯೊಂದರ ಶಸ್ತ್ರವೈದ್ಯರು, ಮೋಟಾರು ಸೈಕಲ್ಲಿನಿಂದ ಬಿದ್ದ ಹುಡುಗನೊಬ್ಬನ ಮುಖದ ಹೋಳುಗಳನ್ನು ಟೇಪಿನಲ್ಲಿ ತಂದುಕೊಟ್ಟು, ಎಲುಬುಗಳು ಹೇಗೆ ಸರಿದಿವೆಯೆಂದು ಇಡಿಯಾಗಿ ತೋರಿಸಲು ಸಾಧ್ಯವೇ ಎಂದು ಕೇಳಿದರು. ಅವರಿಗೆ ಸಂಜೆಯೊಳಗೆ ಹಲವು ಕೋನಗಳ ಚಿತ್ರ ಬೇಕಾಗಿತ್ತು. ಮೆಚ್ಚಿಸುವ ಆತುರದಲ್ಲಿ ನಾನು ಒಂದು ಬಿಟ್ಟು ಒಂದು ಹೋಳನ್ನು ಕೈಬಿಟ್ಟೆ, ನಿಲುಗಡೆಗಳನ್ನೂ ಅರ್ಧಕ್ಕಿಳಿಸಿದೆ. ಸಂಜೆಗೆ ಹತ್ತು ಚಿತ್ರಗಳು ಸಿದ್ಧವಾದವು. ಬಲಗಣ್ಣಿನ ಗುಂಡಿಯ ತಳದಲ್ಲಿ ಹೆಬ್ಬೆರಳ ಉಗುರಿನಷ್ಟಗಲದ ತೂತು ಎಲ್ಲ ಚಿತ್ರಗಳಲ್ಲಿಯೂ ಸ್ಪಷ್ಟವಾಗಿ ಕಾಣುತ್ತಿತ್ತು.

ಅಂಥ ತೂತು ಆಗಬಾರದ್ದೇನಲ್ಲ. ಮುಖಕ್ಕೆ ಪೆಟ್ಟು ಬಿದ್ದಾಗ ಕಣ್ಣಿನ ಗುಂಡಿಯ ತಳ ಮುರಿದು ಕೆಳಗಿನ ಪೊಳ್ಳಿಗೆ ಕುಸಿಯುವುದುಂಟು. ಆಗ ಶಸ್ತ್ರಕ್ರಿಯೆಯೂ ಬೇಕಾಗಬಹುದು. ವೈದ್ಯರು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಇದು ಮೂಳೆಯ ತೂತೋ, ನಿಮ್ಮ ತೂತೋ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಮೂಲ ಫಿಲ್ಮುಗಳನ್ನು ದೀಪದ ಪೆಟ್ಟಿಗೆಯ ಮೇಲೆ ಸಾಲಾಗಿ ಇಟ್ಟು ಒಂದೊಂದನ್ನೇ ಪರೀಕ್ಷಿಸಿದರು. ತಳದ ಮೂಳೆ ಅಲ್ಲಿಯೇ ಇತ್ತು, ಕೂದಲೆಳೆಯಂಥ ಮಸುಕು ಗೆರೆಯಾಗಿ. ಹುಡುಗನ ಕೆನ್ನೆಯ ಎಲುಬಿಗೆ ಮಾತ್ರ ಚಿಕಿತ್ಸೆ ನಡೆಯಿತು.

ಏನಾಗಿತ್ತೆಂದರೆ, ಆ ಮೂಳೆ ಅರ್ಧ ಮಿಲಿಮೀಟರಿನಷ್ಟೇ ತೆಳುವಾಗಿರಬಹುದು. ಕೋಶ ಅದಕ್ಕಿಂತ ದಪ್ಪ. ಕೋಶದ ಕಾಲುಭಾಗ ಮೂಳೆ, ಮುಕ್ಕಾಲು ಭಾಗ ಕೊಬ್ಬು ಎಂದುಕೊಂಡರೆ, ಮೂಳೆಯಿಂದ 1000ದ ಕಾಲುಭಾಗ 250, ಕೊಬ್ಬಿನಿಂದ ಋಣ 75, ಕೂಡಿದರೆ 175. ಗಡಿಸಂಖ್ಯೆ 200 ಇದ್ದ ಕಾರಣ ಮೂಳೆಯಿದ್ದ ಕೋಶವೂ 'ಮೂಳೆಯಲ್ಲ' ಎನಿಸಿಕೊಂಡಿತು. ಫಿಲ್ಮಿನಲ್ಲಾದರೋ ಸುತ್ತಲಿನ ಋಣ 100ರ ನಡುವೆ 175 ಬೆಳ್ಳಗೆ ಕಾಣುವುದರಿಂದ ನುರಿತ ಕಣ್ಣಿಗೆ ಅದು ಸಿಕ್ಕಿತು. ಈ ಸುಳ್ಳುತೂತು ವೈದ್ಯರಂಗದಲ್ಲಿ ಎಲ್ಲರೂ ಬಲ್ಲ ದೋಷ. ಹೋಳುಗಳನ್ನು ಬಿಟ್ಟು ನಾನು ಅದನ್ನು ಇನ್ನಷ್ಟು ಅಗಲ ಮಾಡಿದ್ದೆ.

ಬೇರೆಯದಕ್ಕಾಗಿ ಮಾಡಿದ ಯಂತ್ರ

ಹೋಳು ಬಿಡದೆ ವೇಗವನ್ನು ಪಡೆಯುವುದು ಹೇಗೆಂಬ ಪ್ರಶ್ನೆಗೆ ಉತ್ತರ ಅನಿರೀಕ್ಷಿತವಾದ ಕಡೆಯಿಂದ ಬಂದಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಜಿಮ್ ಕ್ಲಾರ್ಕ್, ಮೂರು ಆಯಾಮದ ಆಕೃತಿಗಳನ್ನು ತಿರುಗಿಸುವ ಗಣಿತವನ್ನೇ ಒಂದು ಚಿಪ್ಪಿನಲ್ಲಿ ಅಡಗಿಸಿ, 1980ರ ದಶಕದ ಆರಂಭದಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಎಂಬ ಸಂಸ್ಥೆಯನ್ನು ಕಟ್ಟಿದ್ದರು. ವಿಮಾನ ಚಾಲಕರಿಗೆ ನೆಲದ ಮೇಲೆಯೇ ತರಬೇತಿ ಕೊಡುವ ಕೃತಕ ಕಿಟಕಿಗಳು, ಕಾರ್ಖಾನೆಯ ನಕ್ಷೆಗಳು, ಚಲನಚಿತ್ರದ ಮಾಯಾಚಿತ್ರಗಳು, ಇವು ಆ ಯಂತ್ರಗಳ ಕೆಲಸ. ಕೃತಕ ಬೆಟ್ಟ ನಿಜವಾಗಿ ಕಾಣಬೇಕಾದರೆ ಅದರ ಮೈಗೆ ನಿಜವಾದ ಬೆಟ್ಟದ ಛಾಯಾಚಿತ್ರವನ್ನು ಅಂಟಿಸಬೇಕು. ಹೀಗೆ ಅಂಟಿಸುವ ಚಿತ್ರಕ್ಕೆ ಟೆಕ್ಸ್ಚರ್ ಎಂದು ಹೆಸರು. ಬೆಟ್ಟ ಓರೆಯಾದಾಗ ಚಿತ್ರವೂ ಓರೆಯಾಗಬೇಕು. ಅಂದರೆ ಚಿತ್ರದ ಚೌಕಗಳ ನಡುವಣ ಬಣ್ಣವನ್ನು ಪಾಲು ಹಾಕಿ ಬೆರೆಸಿ ತೆಗೆಯಬೇಕು. ಮೋಡ, ಹೊಗೆ, ಗಾಜು ತೋರಿಸಲು ಮುಂದಿನದರ ಮೂಲಕ ಹಿಂದಿನದು ಮಸುಕಾಗಿ ಕಾಣುವಂತೆ ಬೆರೆಸಬೇಕು. ಈ ಎರಡು ಕೆಲಸಗಳನ್ನೂ ತಂತ್ರಾಂಶಕ್ಕೆ ಬಿಡದೆ ಯಂತ್ರದ ಮಂಡಲಗಳಲ್ಲೇ ಕಟ್ಟಿದ್ದರು. ಅದೂ ಒಂದೇ ಕಾಲಕ್ಕೆ ಅನೇಕ ಬಿಂದುಗಳಿಗೆ.

ಪಾಲು ಹಾಕಿ ಓದುವುದು, ಮಬ್ಬಿನಿಂದ ಬೆರೆಸುವುದು. ನಮಗೆ ಬೇಕಾಗಿದ್ದುದೂ ಇವೆರಡೇ ಎಂಬುದನ್ನು ಓದುಗರು ಗಮನಿಸಿರಬಹುದು. ಸಿಲಿಕಾನ್ ಗ್ರಾಫಿಕ್ಸ್‌ನ ರಿಯಾಲಿಟಿ ಎಂಜಿನ್ ಎಂಬ ಯಂತ್ರವು ಮೂರು ಆಯಾಮದ ಟೆಕ್ಸ್ಚರನ್ನೂ ಒಪ್ಪಿಕೊಳ್ಳುತ್ತಿತ್ತು. ನಾರ್ತ್ ಕೆರೊಲಿನಾದ ಕಲಿಪ್ ಮತ್ತು ನ್ಯೂಮನ್ 1993ರಲ್ಲಿಯೂ, ಅದೇ ಸಂಸ್ಥೆಯ ಕ್ಯಾಬ್ರಲ್, ಕ್ಯಾಮ್ ಮತ್ತು ಫೋರನ್ 1994ರಲ್ಲಿಯೂ ಬರೆದ ಪ್ರಬಂಧಗಳ ತಿರುಳು ಇಷ್ಟೇ: ಹೋಳುಗಳ ಇಡೀ ರಾಶಿಯನ್ನು ಒಂದು ದಪ್ಪ ಟೆಕ್ಸ್ಚರ್ ಎಂದು ಹೇಳಿ ಯಂತ್ರಕ್ಕೆ ಕೊಟ್ಟುಬಿಡಿ. ಬಳಿಕ ಕಣ್ಣಿಗೆ ಎದುರಾಗಿ ನಿಂತ ನೂರಾರು ಖಾಲಿ ಹಾಳೆಗಳನ್ನು, ಹಿಂದಿನಿಂದ ಮುಂದಕ್ಕೆ, ಬರೆಯಲು ಹೇಳಿ. ಪ್ರತಿಯೊಂದು ಹಾಳೆಯೂ ರಾಶಿಯನ್ನು ಕತ್ತರಿಸುವ ಜಾಗದಲ್ಲಿ ಯಾವ ಚಿತ್ರ ಬೀಳಬೇಕೋ ಅದನ್ನು ಯಂತ್ರವೇ ಅಂಟಿಸಿ, ಹಿಂದಿನದರೊಡನೆ ಬೆರೆಸುತ್ತದೆ. ಯಂತ್ರಕ್ಕೆ ತಾನು ತಲೆಬುರುಡೆಯನ್ನು ಬರೆಯುತ್ತಿದ್ದೇನೆಂಬ ಅರಿವಿಲ್ಲ; ಅದರ ಪಾಲಿಗೆ ಅದು ಬಣ್ಣದ ಗಾಜಿನ ಹಲಗೆಗಳ ಸಾಲು. ಕ್ಷ-ಕಿರಣದ ನೆರಳುಗಳಿಂದ ಹೋಳುಗಳನ್ನು ಕಟ್ಟುವ ಮೂಲ ಲೆಕ್ಕವನ್ನೂ ಇದೇ ಯಂತ್ರಾಂಶದಿಂದ ಮಾಡಿಸಬಹುದೆಂದು ಕ್ಯಾಬ್ರಲ್ ಮತ್ತು ಸಂಗಡಿಗರು ತೋರಿಸಿದರು.

ವೇಗಕ್ಕೆ ಇನ್ನೊಂದು ಕಾರಣವೂ ಉಂಟು. ಇದನ್ನು ಬಹಳ ಮಂದಿ ಮರೆಯುತ್ತಾರೆ. ದತ್ತಾಂಶವು ಒಮ್ಮೆ ಚಿತ್ರಯಂತ್ರದ ಸ್ವಂತ ಸ್ಮೃತಿಗೆ ಸೇರಿದ ಮೇಲೆ, ಆಕಾರವನ್ನು ತಿರುಗಿಸುವಾಗ ಮುಖ್ಯ ಗಣಕದಿಂದ ಹೋಗಬೇಕಾದದ್ದು ಹೊಸ ಕೋನವನ್ನು ಹೇಳುವ ಕೆಲವೇ ಸಂಖ್ಯೆಗಳು. ಬೇಸಗೆಯಲ್ಲಿ ನಮ್ಮ ಊರಿನವರು ಒಂದೊಂದು ಲೋಟಕ್ಕೂ ದೂರದ ಬಾವಿಗೆ ನಡೆಯುತ್ತಿರಲಿಲ್ಲ. ಬೆಳಗ್ಗೆ ಒಮ್ಮೆ ಹೊತ್ತು ತಂದು ಹಂಡೆಗೆ ತುಂಬಿಡುತ್ತಿದ್ದರು. ಹಂಡೆ ಚಿಕ್ಕದಾದರೆ ತೊಂದರೆ. ಅಂದಿನ ಟೆಕ್ಸ್ಚರ್ ಸ್ಮೃತಿ ಕೆಲವೇ ಮೆಗಾಬೈಟುಗಳಿದ್ದುದರಿಂದ ದತ್ತಾಂಶವನ್ನು ಇಟ್ಟಿಗೆಗಳಾಗಿ ಒಡೆದು ಸರದಿಯಲ್ಲಿ ಕಳುಹಿಸಬೇಕಾಗುತ್ತಿತ್ತು. ಆಗ ಮತ್ತೆ ಬಾವಿಯ ದಾರಿಯೇ.

ಕೆಲವು ವರ್ಷಗಳ ನಂತರ ಅಂಥದೊಂದು ಯಂತ್ರ ನಮ್ಮ ಪ್ರಯೋಗಾಲಯಕ್ಕೂ ಬಂದಾಗ ನಾನು ಮೊದಲು ತುಂಬಿದ್ದು ಆ ಹುಡುಗನ ಹೋಳುಗಳನ್ನು, ಈ ಬಾರಿ ಒಂದನ್ನೂ ಬಿಡದೆ. ತಲೆಬುರುಡೆ ಕೈಚಲನೆಯ ಜೊತೆಜೊತೆಗೇ ತಿರುಗಿತು. ಕಣ್ಣಿನ ತಳದಲ್ಲಿ ತೂತು ಚಿಕ್ಕದಾಗಿತ್ತು, ಆದರೆ ಇತ್ತು. ಎಲ್ಲ ಹೋಳುಗಳಿದ್ದರೂ 175 ಎಂಬುದು 200 ಆಗುವುದಿಲ್ಲವಷ್ಟೆ. ಮಬ್ಬಿನ ಪಟ್ಟಿಯೂ ಈಗ ಯಂತ್ರದಲ್ಲೇ ಇದ್ದುದರಿಂದ, ಎಷ್ಟರ ಮೇಲಿದ್ದರೆ ಮೂಳೆಯೆಂದು ತೋರಿಸಬೇಕು ಎಂಬುದನ್ನು ಒಂದು ಜಾರುಗುಂಡಿಯಿಂದ ಬದಲಿಸಬಹುದಾಗಿತ್ತು. ನಾನು ಅದನ್ನು 200ರಿಂದ ಮೆಲ್ಲನೆ ಇಳಿಸಿದೆ. 180, 170, 160. ತೂತು ಕೊಳದ ಮೇಲೆ ಪಾಚಿ ಕೂಡಿಕೊಳ್ಳುವಂತೆ ಅಂಚಿನಿಂದ ಮುಚ್ಚಿಕೊಂಡಿತು. ಕೆನ್ನೆಯ ಎಲುಬಿನ ನಿಜವಾದ ಬಿರುಕು ಮಾತ್ರ ಅಷ್ಟೇ ಅಗಲವಾಗಿ ನಿಂತಿತ್ತು. ನಿಜವಾದ ತೆರಪಿನಲ್ಲಿ ಮೂಳೆಯ ಪಾಲೇ ಇಲ್ಲದ್ದರಿಂದ ಅಲ್ಲಿಯ ಸಂಖ್ಯೆ ಬಹಳ ಕೆಳಗಿರುತ್ತದೆ. ಗುಂಡಿಯನ್ನು ಅಷ್ಟಿಷ್ಟು ಜಾರಿಸಿದರೆ ಅದು ಮುಚ್ಚದು.

ಮೂರು ನಿಮಿಷಕ್ಕೊಂದು ಚಿತ್ರ ಬರುತ್ತಿದ್ದಾಗ ಈ ಪರೀಕ್ಷೆಯನ್ನು ಮಾಡಬಹುದೆಂಬ ಯೋಚನೆಯೇ ನನಗೆ ಬಂದಿರಲಿಲ್ಲ. ಮಾಡಬಾರದೆಂದು ಯಾರೂ ತಡೆದಿರಲಿಲ್ಲ. ನಲವತ್ತು ಬಾರಿ ಮೂರು ನಿಮಿಷ ಕಾಯುವ ಕೆಲಸವನ್ನು ಮನಸ್ಸು ತಾನಾಗಿಯೇ ಕೈಬಿಡುತ್ತದೆ. ಗ್ರಾಫಿಕ್ಸ್ ಯಂತ್ರಾಂಶವು ಅದೇ ಉತ್ತರವನ್ನು ಬೇಗ ಕೊಟ್ಟಿತೆನ್ನುವುದು ಅರ್ಧ ಮಾತು. ಕೇಳದೆ ಉಳಿದಿದ್ದ ಪ್ರಶ್ನೆಯನ್ನು ಅದು ಕೇಳಿಸಿತು. ಚಿತ್ರ ಎಷ್ಟೇ ಸೊಗಸಾಗಿದ್ದರೂ ಕೊನೆಯ ತೀರ್ಪು ಮೂಲ ಹೋಳುಗಳದೇ ಎಂಬುದು ಆಗಲೂ ನಿಜ, ಈಗಲೂ ನಿಜ.

ಯಂತ್ರದ ಓರೆಕೋರೆಗಳು

ಹೊಸ ಯಂತ್ರವೂ ತನ್ನದೇ ಸುಳ್ಳುಗಳನ್ನು ಹೇಳುತ್ತಿತ್ತು. ಅಂದಿನ ಗ್ರಾಫಿಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಮಬ್ಬನ್ನು 0ಯಿಂದ 255ರವರೆಗಿನ ಪೂರ್ಣಸಂಖ್ಯೆಗಳಲ್ಲಿ ಅಳೆಯುತ್ತಿದ್ದರು. 255ರಲ್ಲಿ ಒಂದಂಶಕ್ಕಿಂತ ತೀರ ತೆಳುವಾದ ಪದರ 0 ಆಗಿಬಿಡುತ್ತಿತ್ತು. ಅಂಥ ನೂರು ಪದರ ಸೇರಿದರೆ ಕಾಣಬೇಕಾಗಿದ್ದ ಮಂಜು ನೂರು ಸೊನ್ನೆಗಳ ಮೊತ್ತವಾಗಿ ಮಾಯವಾಗುತ್ತಿತ್ತು. ದಶಮಾಂಶಗಳಲ್ಲಿ ಲೆಕ್ಕ ಹಾಕುವ ಗ್ರಾಫಿಕ್ಸ್ ಕಾರ್ಡುಗಳು 2002ರಿಂದೀಚೆಗೆ ಬಂದ ಮೇಲೆ ಈ ಕಾಟ ತಗ್ಗಿತು.

ಹಾಳೆಗಳ ಸಂಖ್ಯೆಯನ್ನು ಹೆಚ್ಚಿಸಿದಾಗಲೂ ಎಚ್ಚರ ಬೇಕು. ಒಂದು ಹಾಳೆಯ ಮಬ್ಬು 36 ಪಾಲು ಇದ್ದು, ಅದೇ ದಪ್ಪದಲ್ಲಿ ಈಗ ಎರಡು ಹಾಳೆಗಳನ್ನು ಇಡುವುದಾದರೆ ಒಂದೊಂದಕ್ಕೆ 18 ಎಂದು ಅವಸರದಲ್ಲಿ ಹೇಳುತ್ತೇವೆ. ಸರಿಯಾದ ಉತ್ತರ 20. ನೂರರಲ್ಲಿ 20 ಕಳೆದು 80 ಉಳಿಯಿತು. ಆ 80ರಲ್ಲಿ ಐದನೆಯ ಒಂದು ಪಾಲು, ಎಂದರೆ 16, ಕಳೆದು 64 ಉಳಿಯಿತು. ಒಟ್ಟು ತಡೆದದ್ದು 36. ಹತ್ತನೆಯ ತರಗತಿಯ ಮಕ್ಕಳು ಮೂರು ಹಾಳೆಗೆ ಇದನ್ನು ತಾವೇ ಮಾಡಿ ನೋಡಬಹುದು, ಘನಮೂಲ ಬೇಕಾಗುತ್ತದೆ.

ಆಟದ ಕಾರ್ಡು

ಲಕ್ಷಾಂತರ ರೂಪಾಯಿಯ ಆ ಯಂತ್ರಗಳ ಕಾಲ ಬೇಗನೆ ಮುಗಿಯಿತು. ಮನೆಯ ಗಣಕದಲ್ಲಿ ಆಟವಾಡುವ ಹುಡುಗರಿಗಾಗಿ 1996ರಲ್ಲಿ ವೂಡೂ, 1999ರಲ್ಲಿ ಎನ್ವಿಡಿಯಾ ಸಂಸ್ಥೆಯ ಜೀಫೋರ್ಸ್ 256 ಮೊದಲಾದ ಕಾರ್ಡುಗಳು ಬಂದವು. ರಾಕ್ಷಸರ ಕೋಟೆಯ ಗೋಡೆಗೆ ಕಲ್ಲಿನ ಚಿತ್ರ ಅಂಟಿಸುವುದು ಅವುಗಳ ಕಸುಬು. ಸಂಶೋಧಕರು ಅವನ್ನೂ ಬಿಡಲಿಲ್ಲ. ಮೊದಮೊದಲಿನ ಕಾರ್ಡುಗಳಿಗೆ ದಪ್ಪ ಟೆಕ್ಸ್ಚರ್ ತಿಳಿಯುತ್ತಿರಲಿಲ್ಲ. ಚಪ್ಪಟೆ ಚಿತ್ರ ಮಾತ್ರ. ಆದ್ದರಿಂದ ಅದೇ ದತ್ತಾಂಶವನ್ನು ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಹೆಚ್ಚಿ ಮೂರು ಕಟ್ಟುಗಳನ್ನು ಇಟ್ಟುಕೊಳ್ಳಬೇಕಾಗುತ್ತಿತ್ತು. ಒಂದೇ ಕಟ್ಟಿದ್ದರೆ ಪಕ್ಕಕ್ಕೆ ತಿರುಗಿದಾಗ ಹಾಳೆಗಳ ನಡುವಣ ಸಂದು ಮಾತ್ರ ಕಾಣುತ್ತಿತ್ತು. ಸುಮಾರು 45 ಡಿಗ್ರಿ ತಿರುಗಿದಾಗ ಒಂದು ಕಟ್ಟಿನಿಂದ ಇನ್ನೊಂದಕ್ಕೆ ಹಾರುವುದು. ಆ ಕ್ಷಣದಲ್ಲಿ ಚಿತ್ರ ಬಿಕ್ಕಿದಂತೆ ಒಮ್ಮೆ ಅಲುಗುವುದು. ಆ ಬಿಕ್ಕನ್ನು ನಾವು ಎಷ್ಟು ಬೈದುಕೊಂಡೆವೋ!

2001ರಲ್ಲಿ ಬಂದ ಜೀಫೋರ್ಸ್ 3ರಿಂದ ಕಾರ್ಡಿನೊಳಗೆ ನಮ್ಮದೇ ಪುಟ್ಟ ಕ್ರಮವಿಧಿಗಳನ್ನು ಓಡಿಸುವುದು ಸಾಧ್ಯವಾಗತೊಡಗಿತು. 2003ರಲ್ಲಿ ಜರ್ಮನಿಯ ಕ್ರೂಗರ್ ಮತ್ತು ವೆಸ್ಟರ್‌ಮನ್ ದೃಷ್ಟಿರೇಖೆಯ ಹಳೆಯ ವಿಧಾನವನ್ನೇ ಕಾರ್ಡಿನ ಮೇಲೆ ನಡೆಸಿ, ಸಾಕಾದಲ್ಲಿ ನಿಲ್ಲಿಸುವ ಮತ್ತು ಖಾಲಿ ಜಾಗವನ್ನು ದಾಟುವ, ನಾನು ಪ್ರಾಮಾಣಿಕವೆಂದ ಎರಡು ಉಪಾಯಗಳನ್ನೂ ಅದಕ್ಕೆ ಜೋಡಿಸಿದರು. 2007ರಲ್ಲಿ ಎನ್ವಿಡಿಯಾ ಬಿಡುಗಡೆ ಮಾಡಿದ ಕೂಡಾ ಎಂಬ ತಂತ್ರಾಂಶದಿಂದ, ಚಿತ್ರದ ಸೋಗು ಹಾಕದೆಯೇ ಕಾರ್ಡಿನಿಂದ ಬೇರೆ ಲೆಕ್ಕಗಳನ್ನೂ ಮಾಡಿಸುವುದು ಸುಲಭವಾಯಿತು. ಮುಂದಿನ ಕಥೆ ಪತ್ರಿಕೆ ಓದುವವರಿಗೆಲ್ಲ ಗೊತ್ತು. ದಾರಿ ತೋರಿದ ಸಿಲಿಕಾನ್ ಗ್ರಾಫಿಕ್ಸ್ ಮಾತ್ರ 2009ರಲ್ಲಿ ದಿವಾಳಿಯಾಗಿ ತನ್ನ ಆಸ್ತಿಯನ್ನು ಮಾರಿಕೊಂಡಿತು.

ಈ ವಿದ್ಯೆ ದೇಹಕ್ಕಷ್ಟೇ ಸೀಮಿತವಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಣಕವಿಜ್ಞಾನಿಗಳೂ ಸಾಗರವಿಜ್ಞಾನಿಗಳೂ ಕೂಡಿ, ಮುಂಗಾರಿನ ಕಾಲದಲ್ಲಿ ಅರಬ್ಬೀ ಸಮುದ್ರದ ಹೆಚ್ಚು ಉಪ್ಪಿನ ನೀರು ಬಂಗಾಳ ಕೊಲ್ಲಿಯೊಳಗೆ ಹೇಗೆ ನುಗ್ಗಿ ಎಲ್ಲೆಲ್ಲಿ ಸಾಗುತ್ತದೆಂಬುದನ್ನು ಇಂಥ ಚಿತ್ರಗಳಿಂದ ಹಿಂಬಾಲಿಸಿದ್ದಾರೆ. ಅದೂ ಒಂದು ಬಗೆಯಲ್ಲಿ ಹಾಗಲಕಾಯಿಯ ಹುಳುವಿನ ದಾರಿಯೇ.

ಶಾಲೆಯ ಮಕ್ಕಳಿಗೆ ಒಂದು ಪ್ರಯೋಗ

ಇದಕ್ಕೆ ಗಣಕ ಬೇಡ. ಕಳೆದ ಬಾರಿ ಊರಿಗೆ ಬಂದಾಗ 24 ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳ ಮೇಲೆ ಒಂದು ಹಾಗಲಕಾಯಿಯ 24 ಹೋಳುಗಳ ಚಿತ್ರ ಬರೆದು, ಹಾಳೆಗಳ ನಡುವೆ ಇಡಲು ರಟ್ಟಿನ ಪಟ್ಟಿಗಳ ಸಹಿತ ಶಾಲೆಯ ಪ್ರಯೋಗಾಲಯದ ಕಪಾಟಿನಲ್ಲಿ ಇರಿಸಿದ್ದೇನೆ. ತಿರುಳು ಹಸಿರು ಮಸಿಯಲ್ಲಿದೆ, ಹುಳುವಿನ ದಾರಿ ಕೆಂಪಿನಲ್ಲಿ. ಹಾಳೆಗಳನ್ನು ಸಂಖ್ಯೆಯ ಕ್ರಮದಲ್ಲಿ, ಬೆರಳಗಲದ ಅಂತರ ಕೊಟ್ಟು ನಿಲ್ಲಿಸಿ, ಹಿಂದೆ ಒಂದು ದೀಪವಿಟ್ಟು ಮುಂದಿನಿಂದ ನೋಡಬೇಕು. ಬಳಿಕ ತಲೆಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸುತ್ತ ಆಕಾರ ಯಾವ ಕೋನದಲ್ಲಿ ಒಡೆಯುತ್ತದೆಂದು ಗುರುತುಹಾಕಿಕೊಳ್ಳಬೇಕು. ಆಮೇಲೆ ಸರಿಸಂಖ್ಯೆಯ ಹಾಳೆಗಳನ್ನೆಲ್ಲ ತೆಗೆದು, ಬೇರೊಂದು ತರಗತಿಯ ಮಕ್ಕಳನ್ನು ಕರೆದು, ಹುಳು ಕಾಯಿಯಿಂದ ಎಷ್ಟು ಕಡೆ ಹೊರಬಂದಿದೆಯೆಂದು ಕೇಳಿ. ಸರಿಯಾದ ಉತ್ತರವು ಕಟ್ಟಿನ ಕೊನೆಯ ರಟ್ಟಿನ ಹಿಂಬದಿಯಲ್ಲಿದೆ. ಏಳನೆಯ ಹಾಳೆ ಒಂದು ಮೂಲೆಯಲ್ಲಿ ಹರಿದಿದೆ, ಜೋಪಾನವಾಗಿ ತೆಗೆಯಬೇಕು.